ತಾಮ್ರದ ಚೆಂಬಿನ ಮಳೆನೀರು

ನಮ್ಮ ಹಳೇ ಕಾರಿನ ಬ್ಯಾಟರಿಗೆ ನೀರು ಹೊಯ್ಯುವುದು ನನ್ನ ಪಾಲಿನ ಕೆಲಸ. ಅರವತ್ತರ ದಶಕದ ಸಾಗರದಲ್ಲಿ ಅದಕ್ಕೆಂದೇ ಶುದ್ಧ ಮಾಡಿದ ನೀರು ಬೇಕೆಂದಾಗ ಸಿಗುತ್ತಿರಲಿಲ್ಲ. ಮಳೆ ಒಂದು ತಾಸು ಹೊಡೆದ ಮೇಲೆ ಅಂಗಳದ ನಡುವೆ ಪಿಂಗಾಣಿ ಭರಣಿಯಿಟ್ಟು ಹಿಡಿದ ನೀರೇ ಆಗಬೇಕೆಂದು ನನ್ನ ಗಂಡನ ಕಟ್ಟಪ್ಪಣೆ.

ಆ ವರ್ಷ ಭರಣಿಗೆ ನಾನು ಮಿಡಿ ಉಪ್ಪಿನಕಾಯಿ ತುಂಬಿದೆ. ಹೊಸನಗರದ ಕಡೆ, ಹೊಳೆಯಾಚೆ ನನ್ನ ತವರು. ಆಣೆಕಟ್ಟಿನ ನೀರು ಅಲ್ಲಿಗೂ ಏರುತ್ತದೆಂದು ತವರಿನವರು ಮನೆ ಬಿಟ್ಟು ಹೊರಡುವ ದಿನ ಗೊತ್ತುಮಾಡಿದ್ದರು. ಹಿಂದಿನ ದಿನ ಅಮ್ಮ ಕಡೆಯ ಅಡುಗೆ ಮಾಡಿ, ಮಕ್ಕಳಿಗೆಲ್ಲ ಬಡಿಸಿ, ಒಲೆಗೆ ಹಾಲೆರೆದು ಆರಿಸುವುದು. ಆ ಒಂದು ಊಟಕ್ಕಾಗಿ ನಾನು ಹಗಲೂ ರಾತ್ರಿ ಹಂಬಲಿಸುತ್ತಿದ್ದೆ. ಭರಣಿ ಅಮ್ಮನಿಗಿರಲಿ, ಬ್ಯಾಟರಿಗೆ ತಾಮ್ರದ ಚೆಂಬು ಸಾಕು ಎಂದುಕೊಂಡೆ. ದೇವರಿಗೆ ಆಗುವ ತಾಮ್ರ ಕಾರಿಗೆ ಆಗದೇ? ಹುಣಸೆಹಣ್ಣು ಹಾಕಿ ಬೆಳಗಿ, ಮಳೆನೀರು ಹಿಡಿದು, ಎರಡು ದಿನ ಮುಚ್ಚಿಟ್ಟು ಹೊಯ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹದಿನೈದು ದಿನ ಕಳೆದು, ಊಟದ ದಿನ ಬೆಳಿಗ್ಗೆ ಕಾರು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಇದ್ದ ಒಂದೇ ಬಸ್ಸು ಆಗಲೇ ಹೋಗಿತ್ತು. ನಮ್ಮವರು ದೀಪ ಹಾಕಿ ನೋಡಿದರು. ಕೆಂಪಗೆ ಮಿಣಮಿಣ ಎಂದು ಆರಿತು. ಅಕ್ಕಪಕ್ಕದವರು ತಳ್ಳಿದಾಗ ಇಂಜಿನ್ ಹಿಡಿಯಿತು, ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿತು. ಅರ್ಧ ತಾಸು ಓಡಿಸಿ ನಿಲ್ಲಿಸಿದರೆ ಮತ್ತೆ ಉಸಿರಿಲ್ಲ.

"ಡೈನಮೋ ಕರೆಂಟ್ ಕೊಡ್ತಾ ಇದೆ, ಬ್ಯಾಟ್ರಿ ಇಟ್ಕಳ್ತಾ ಇಲ್ಲ" ಎಂದರು ನಮ್ಮವರು. ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡಿದರು. ಕೊಳವೆಯೊಳಗೆ ತೇಲಬೇಕಾದ ಬುರುಡೆ ಬ್ಯಾಟರಿಯ ಆರೂ ಮನೆಗಳ ಆಸಿಡ್‌ನಲ್ಲಿ ತಳಕ್ಕೆ ಕೂತಿತು. "ಎಂತ ನೀರು ಹೊಯ್ದಿದ್ಯೇ ಮಾರಾಯ್ತಿ?"

ಹೇಳಿದೆ. ಬಯ್ದಿದ್ದರೆ ಚೆನ್ನಾಗಿತ್ತು. "ತಾಮ್ರ ನೀರಲ್ಲಿ ಬಿಟ್ಕಂಡು ಚಾರ್ಜೆಲ್ಲ ಒಳಗೇ ತಿಂದು ಹಾಕಿದೆ" ಎಂದಷ್ಟೇ ಹೇಳಿದರು.

"ತಳ್ಸ್ಕಂಡೇ ಹೋಗಾಣ ಬನ್ನಿ" ಎಂದು ನಾನು ಅಳತೊಡಗಿದೆ.

"ಹೊಳೆ ದಾಟೋವಾಗ ಕಾರು ಹೇರೋ ದೋಣಿ ಮೇಲೆ ಇಂಜಿನ್ ನಿಲ್ಲಿಸ್ಲೇಬೇಕು. ಆಚೆ ದಡದ ಏರಲ್ಲಿ ತಳ್ಳೋರ್ಯಾರು?" ಎಂದರು ನಮ್ಮವರು.

ಭರಣಿ ತಬ್ಬಿಕೊಂಡು ದಿನವಿಡೀ ಜಗಲಿಯಲ್ಲಿ ಕೂತಿದ್ದೆ.

ಮರುದಿನ ಯಾರದೋ ಬ್ಯಾಟರಿ ಕೇಳಿ ತಂದು ಹಾಕಿಕೊಂಡು ಹೋದೆವು. ಮನೆಯವರೆಲ್ಲ ಹೊರಟುಹೋಗಿದ್ದರು. ಬಾಗಿಲು ಕಿತ್ತಾಗಿತ್ತು, ಅಡುಗೆಮನೆಯ ಹೆಂಚಿಳಿಸಿ ಒಲೆಯ ಮೇಲೆ ಬಿಸಿಲು ಬಿದ್ದಿತ್ತು. ಹೆಂಚು ಜೋಡಿಸುತ್ತಿದ್ದ ನೆರೆಮನೆಯ ಅಜ್ಜ, "ನಿನ್ನೆ ಆರಿಸಾಕೆ ಬಿಡ್ಲಿಲ್ಲ ಕಣವ್ವ ನಿನ್ನಮ್ಮ. ಮಗಳು ಕಾರಲ್ಲಿ ಬತ್ತಾಳೆ ಅಂತ ರಾತ್ರಿಯೆಲ್ಲ ಒಲೆ ಕಾದ್ರು. ಈಗ ಗಾಡಿ ಹತ್ತೋ ಮುಂಚೆ ಹಾಲೆರೆದ್ರು" ಎಂದ. ಬೂದಿಗೆ ಕೈಯಿಟ್ಟೆ. ಹಾಲು ಹಸಿಯಾಗಿತ್ತು, ಅಡಿಯಲ್ಲಿ ಇನ್ನೂ ಬಿಸಿಯಿತ್ತು.

ಅಮ್ಮನ ಹೊಸ ಮನೆಯಲ್ಲಿ ಆಮೇಲೆ ಎಷ್ಟೋ ಸಲ ಉಂಡಿದ್ದೇನೆ. ಆದರೂ ನನಗೆ ಬೇಕಿದ್ದುದು ಆ ಒಲೆಯ ಅನ್ನ, ಇವತ್ತಿಗೂ ಬೇಕು. ಅಂದು ಅದರ ಮುಂದೆ ಕೂತು ಭರಣಿ ಬಿಚ್ಚಿ ಬರೀ ಮಿಡಿ ಕಚ್ಚಿದೆ. ನಮ್ಮವರು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಊಟಕ್ಕೆ ಬಂದವರಂತೆ ಕೈಯೊಡ್ಡಿ, "ನಂಗೂ ಒಂದು ಬಡ್ಸು" ಎಂದರು.