ಅಮ್ಮ, ಮಗಳು ಮತ್ತು ಸಿಗ್ಮಾ ಪಾಠ

ತಿಪಟೂರಿನ ಕಾಲೇಜಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ಮನೆ ಬಿಳಿಗೆರೆಯಲ್ಲಿ. ಸಂಜೆ ಪಡಸಾಲೆಯಲ್ಲಿ ನಾಲ್ಕಾರು ಹುಡುಗಿಯರಿಗೆ ಪಾಠ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಆ ಪಾಠಕ್ಕೆ ಒಬ್ಬ ತಾಯಿ ಮತ್ತು ಮಗಳು ಒಟ್ಟಿಗೇ ಬಂದು ಸೇರಿಕೊಂಡರು.

ಮಗಳದು ಮೊದಲ ಪಿಯುಸಿ. ತಾಯಿ ಪಿಯುಸಿಯನ್ನು ಅರ್ಧಕ್ಕೇ ಬಿಟ್ಟು, ಮದುವೆಯಾಗಿ ನಮ್ಮೂರಿನ ಕೊಬ್ಬರಿ ವ್ಯಾಪಾರದ ಮನೆಗೆ ಬಂದವರು. ಮುಕ್ತ ಶಾಲೆಯ ಪರೀಕ್ಷೆ ಕಟ್ಟಬೇಕೆಂದು ಅವರಿಗೆ ಆಸೆ ಹುಟ್ಟಿತ್ತು.

"ಇವಳ್ನ ಬಿಡೋಕೆ ಹೆಂಗೂ ಬತ್ತೀನಲ್ಲ ಮೇಡಂ, ನಾನೂ ಒಂದ್ ಮೂಲೇಲಿ ಕೂತ್ಕತೀನಿ" ಎಂದರು. ಮೂಲೆಯಲ್ಲಿ ಕೂತದ್ದು ಮೊದಲ ವಾರ ಮಾತ್ರ. ಆಮೇಲೆ ಮುಂದಿನ ಚಾಪೆಗೇ ಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಸಿಗ್ಮಾ ಚಿಹ್ನೆಗೆ ಬಂದೆವು. ಒಂದು, ಎರಡು, ಮೂರು ಎಂದು ಎನ್ ಎಂಬ ಕೊನೆಯ ಸಂಖ್ಯೆಯ ತನಕ ಒಂದೊಂದೇ ಬೆಲೆ ಹಾಕಿ, ಬಂದದ್ದನ್ನೆಲ್ಲ ಕೂಡು ಎನ್ನುವ ಅಪ್ಪಣೆ ಅದು. ಅಷ್ಟುದ್ದ ಕೂಡುವ ಬದಲು ಅದನ್ನು ಹೇಗೆ ಸರಳ ಮಾಡುವುದು ಎನ್ನುವುದೇ ಪಾಠ. ದೊಡ್ಡ ಮೊತ್ತವನ್ನು ಎರಡಾಗಿ ಬಿಡಿಸಬಹುದು. ಗುಣಿಸುವ ಸಂಖ್ಯೆಯನ್ನು ಚಿಹ್ನೆಯಿಂದ ಆಚೆ ತರಬಹುದು. ಒಳಗೆ ಬರೀ ಮೂರು ಇದ್ದರೆ ಮೊತ್ತ ಮೂರಲ್ಲ, ಎನ್ ಸಲ ಮೂರು. ಈ ಕೊನೆಯದರಲ್ಲಿ ಪ್ರತಿ ವರ್ಷ ಹುಡುಗಿಯರು ಎಡವುತ್ತಾರೆ. ಆ ಮಗಳೂ ಎಡವಿದಳು.

"ಒಂದೊಂದ್ ಸಲಕ್ಕೂ ಒಂದ್ ಮೂರು ಬತ್ತದಲ್ಲ ಕಣೇ, ಎನ್ ಸಲ ಬಂದ್ರೆ ಎಷ್ಟಾಯ್ತು ಹೇಳು?" ಎಂದು ತಾಯಿಯೇ ಹೇಳಿಕೊಟ್ಟರು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು.

ಇನ್ನೊಂದು ಸಂಜೆ ಸ್ವಲ್ಪ ಕಷ್ಟದ ಲೆಕ್ಕ ಕೊಟ್ಟೆ. ಒಂದನ್ನು ಎರಡರಿಂದ, ಎರಡನ್ನು ಮೂರರಿಂದ, ಹೀಗೆ ಪಕ್ಕಪಕ್ಕದ ಸಂಖ್ಯೆಗಳನ್ನು ಗುಣಿಸಿ ಎಲ್ಲ ಕೂಡಬೇಕು. ಮಗಳು ಸೂತ್ರಗಳನ್ನು ಹಾಕಿ, ಇದ್ದ ಆವರಣಗಳನ್ನೆಲ್ಲ ಬಿಡಿಸಿ, ಪುಟ ತುಂಬಾ ಬರೆದು ಸಿಕ್ಕಿಹಾಕಿಕೊಂಡಳು. ತಾಯಿ ಆವರಣಗಳನ್ನು ಬಿಡಿಸಲೇ ಇಲ್ಲ. ಎರಡೂ ಮೊತ್ತಗಳಲ್ಲಿದ್ದ ಸಾಮಾನ್ಯ ಅಪವರ್ತನವನ್ನು ಆಚೆ ತೆಗೆದರು. ಒಳಗೆ ಉಳಿದದ್ದು ಪುಟ್ಟದೊಂದು ಆವರಣ. ನಾಲ್ಕೇ ಸಾಲಿಗೆ ಉತ್ತರ ಬಂತು. ಆ ಪುಟ ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಬೋರ್ಡಿನ ಮೇಲೆ ಅದನ್ನೇ ಬರೆಸಿದೆ.

"ಪರೀಕ್ಷೆಗೆ ನಿಮ್ಮಮ್ಮನ್ನೇ ಕಳ್ಸು ಬುಡೇ" ಎಂದಳು ಹಿಂದೆ ಕೂತಿದ್ದ ಒಬ್ಬ ಹುಡುಗಿ. ಎಲ್ಲರೂ ನಕ್ಕರು. ತಾಯಿಯೂ ನಕ್ಕರು. ನಗುತ್ತಲೇ ಮಗಳ ಕಡೆ ತಿರುಗಿದವರು ಅರ್ಧಕ್ಕೇ ನಿಲ್ಲಿಸಿದರು. ಅವಳು ಪೆನ್ನಿಗೆ ಮುಚ್ಚಳ ಹಾಕಿ ಗೋಡೆ ನೋಡುತ್ತಿದ್ದಳು.

ಮುಂದಿನ ವಾರ ಸುಲಭದ್ದೊಂದು ಲೆಕ್ಕಕ್ಕೆ ತಾಯಿಯನ್ನು ಬೋರ್ಡಿಗೆ ಕರೆದೆ. ಮೊದಲೆರಡು ಸಾಲು ಸರಿಯಾಗಿ ಬರೆದವರು, ಮೂರರ ಮೊತ್ತ ಬಂದಾಗ ಮೂರು ಎಂದೇ ಬರೆದು ನಿಂತರು.

"ಅಮ್ಮಾ, ತಪ್ಪು! ಎನ್ ಸಲ ಮೂರು ಬರ್ಬೇಕಲ್ಲ" ಎಂದು ಮಗಳು ಕೂತಲ್ಲಿಂದಲೇ ಕೂಗಿದಳು.

"ಅಯ್ಯೋ, ಹೌದಲ್ವಾ! ನನ್ ತಲೆ ಎಲ್ಲಿತ್ತೋ" ಎಂದು ಅವರು ಸೀಮೆಸುಣ್ಣವನ್ನು ಮಗಳ ಕೈಗೆ ಕೊಟ್ಟರು. ಅವಳು ಎದ್ದು ಬಂದು ಉಳಿದದ್ದನ್ನು ಮುಗಿಸಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹಾಗಾಗಿ ನಾನೂ ಸುಮ್ಮನೆ ಮುಂದಿನ ಲೆಕ್ಕಕ್ಕೆ ಹೋದೆ.

ಅಲ್ಲಿಂದ ತಾಯಿ ತಪ್ಪು ಮಾಡುತ್ತಲೇ ಹೋದರು. ಮಗಳು ತಿದ್ದುತ್ತಲೇ ಹೋದಳು, ತಿದ್ದುತ್ತಾ ಕಲಿತಳು. ಒಂದು ದಿನ ಅವಳು ಒಬ್ಬಳೇ ಬಂದು, ಅಮ್ಮ ಇನ್ನು ಪಾಠಕ್ಕೆ ಬರುವುದಿಲ್ಲ ಎಂದಳು. ನಾನು ತಾಯಿಯನ್ನು ಅವರ ಮನೆ ಮುಂದೆಯೇ ಹಿಡಿದು ಕೇಳಿದೆ.

"ಬೇಕಂತಲೇ ತಪ್ಪು ಮಾಡ್ತಿದ್ರಿ ಅಂತ ನನಗೆ ಗೊತ್ತು ಕಣ್ರೀ. ಪಾಠ ಯಾಕೆ ಬಿಡ್ತೀರಿ? ಬೇರೆ ಹೊತ್ತಿಗೆ ಬನ್ನಿ, ನಿಮಗೊಬ್ಬರಿಗೇ ಹೇಳಿಕೊಡ್ತೀನಿ."

"ಬುಡಿ ಮೇಡಂ. ಪಾಸಾದ್ರೂ ಅವಳ ಜೊತೇಲೇ ಆಗ್ಬೇಕಲ್ಲ. ಎಲ್ರೂ ಇಬ್ರದ್ದೂ ಮಾರ್ಕ್ಸ್ ಕೇಳಿ ಹೋಲಿಸ್ತಾರೆ. ಅವಳು ಓದ್ಲಿ." ಆಮೇಲೆ ದನಿ ತಗ್ಗಿಸಿ, "ಅವಳಿಗೇನೂ ಗೊತ್ತಾಗಿಲ್ಲ, ಹೇಳ್ಬೇಡಿ" ಎಂದರು.

ಮಗಳು ಪಾಸಾದಳು. ಈಗ ತಿಪಟೂರಿನ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ನಮ್ಮ ಮನೆಗೆ ರಕ್ತ ತೆಗೆಯಲು ಬಂದವಳು, ಕೆಲಸ ಮುಗಿದ ಮೇಲೂ ಪಡಸಾಲೆಯಲ್ಲೇ ಕೂತಳು.

"ಮೇಡಂ, ಅಮ್ಮ ಬೇಕಂತ ತಪ್ಪು ಮಾಡ್ತಿದ್ದದ್ದು ನಂಗೆ ಅವತ್ತೇ ಗೊತ್ತಿತ್ತು" ಎಂದಳು. "ಆ ಮೂರಿನ ಲೆಕ್ಕ ನಂಗೆ ಹೇಳ್ಕೊಟ್ಟಿದ್ದೇ ಅವಳು. ಗೊತ್ತಿದ್ದೂ ಸುಮ್ನಿದ್ದೆ. ಹಂಗೇ ಇರ್ಲಿ ಅಂತ ಇತ್ತು ನಂಗೆ. ಅಮ್ಮಂಗೆ ಹೇಳ್ಬಿಡ್ಲಾ?"

ಹೇಳು ಎಂದೆ. ಹೇಳಿದರೆ ಇಬ್ಬರಿಗೂ ಹಗುರಾಗುತ್ತದೆ, ತಾಯಿ ಮತ್ತೆ ಓದಿಗೆ ಕೂತರೂ ಕೂರಬಹುದು ಎಂದುಕೊಂಡೆ.

ಮಗಳು ಹೇಳಿದಳು. ಅದಾದ ಸ್ವಲ್ಪ ದಿನಕ್ಕೆ ತಾಯಿ ನಮ್ಮ ಮನೆಗೆ ಬಂದರು. ಕಾಫಿ ಬೇಡ ಎಂದರು.

"ಓದು ಹೋಯ್ತು ಅಂತ ನಂಗೆ ಅಷ್ಟೊಂದ್ ಬೇಜಾರಿರ್ಲಿಲ್ಲ ಮೇಡಂ. ಅವಳಿಗೆ ಗೊತ್ತಾಗ್ದಂಗೆ ಮಾಡಿದ್ನಲ್ಲ, ಅದೇ ಒಂದ್ ಸಮಾಧಾನ ಇತ್ತು. ಗೊತ್ತಿದ್ದೂ ಸುಮ್ನಿದ್ಲಂತೆ. ಒಂದ್ ಮಾತು, 'ಬಾಮ್ಮಾ, ನೀನೂ ಬಾ' ಅಂದಿದ್ರೆ ಬಂದ್ಬುಡ್ತಿದ್ದೆ."

"ಆಗ ಅವಳಿನ್ನೂ ಚಿಕ್ಕವಳು."

"ಹೌದು ಬುಡಿ, ಚಿಕ್ಕೋಳು" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ನಾನು ಒಂದು ಹಾಳೆ, ಪೆನ್ನು ಅವರ ಮುಂದಿಟ್ಟು ಲೆಕ್ಕವೊಂದನ್ನು ಬರೆದೆ. ಅವರು ಬಗ್ಗಿ ನೋಡಿದರು. ಮೊತ್ತವನ್ನು ಎರಡಾಗಿ ಬಿಡಿಸಿದರು, ಗುಣಿಸುವ ಎರಡನ್ನು ಚಿಹ್ನೆಯಿಂದ ಆಚೆ ತಂದರು. ಕೈ ಇನ್ನೂ ಮರೆತಿರಲಿಲ್ಲ. ವರ್ಗಗಳ ಮೊತ್ತದ ಸೂತ್ರ ಬರೆಯುವಲ್ಲಿ, ಭಾಗಿಸುವ ಸಂಖ್ಯೆಯ ಹತ್ತಿರ ಪೆನ್ನು ನಿಂತಿತು.

"ಕೆಳಗೆ ಬರೋದು ಆರಾ, ಮೂರಾ ಮೇಡಂ?"

"ಆರು" ಎಂದೆ.

ಅವರು ಆರನ್ನು ಬರೆಯಲಿಲ್ಲ. ಪೆನ್ನನ್ನು ಹಾಳೆಯ ಮೇಲಿಟ್ಟು, "ಇದ್ನ ಕೇಳ್ದೇನೇ ಬರೀತಿದ್ದೆ ನಾನು" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟಾಗ ನಾಳೆ ಬನ್ನಿ ಎಂದು ಕರೆದೆ. ಹ್ಞೂ ಎಂದರು. ಬರಲಿಲ್ಲ.