ತೊಳೆದ ಕುದುರೆ ಮಸಾಲೆ

ಧೂಳೆಬ್ಬಿಸಿದ್ದು ಅದಿರಿನ ಲಾರಿಗಳು. ಉಸಿರುಕಟ್ಟಿ ಸತ್ತದ್ದು ನಮ್ಮ ಎಮ್ಮೆ. ತಪ್ಪು ಹೊತ್ತವಳು ನನ್ನ ಅವ್ವ.

ಸಂಡೂರಿನ ಗುಡ್ಡಗಳನ್ನು ಹಗಲಿರುಳೆನ್ನದೆ ಅಗೆಯುತ್ತಿದ್ದ ವರ್ಷಗಳವು. ಬಂಡ್ರಿಯ ಹತ್ತಿರ, ರಸ್ತೆಗೆ ಅಂಟಿಕೊಂಡಿದ್ದ ನಮ್ಮ ಹೊಲದಲ್ಲಿ ಅವ್ವ ಒಂದು ಮಡಿ ಕುದುರೆ ಮಸಾಲೆ ಬೆಳೆದಿದ್ದಳು. ಮೆಂತ್ಯದಂಥ ಮೂರೆಲೆಯ ಆ ಮೇವು ಕೊಯ್ದಷ್ಟೂ ಚಿಗುರುತ್ತಿತ್ತು. ಅದನ್ನು ತಿಂದು ನಮ್ಮ ಎಮ್ಮೆ ಗಂಗಿ ಹೆಚ್ಚು ಹಾಲು ಕೊಡುತ್ತಿತ್ತು. ಕೆನೆ ಬೆರಳಿಗೆ ಸುತ್ತಿಕೊಳ್ಳುವಷ್ಟು ದಪ್ಪ. ಆದರೆ ಅದನ್ನು ಹಸಿಯಾಗಿ, ಬರಿದೇ ಹಾಕುವಂತಿರಲಿಲ್ಲ. ನೆರಳಿನಲ್ಲಿ ಬಾಡಿಸಿ, ಜೋಳದ ಒಣದಂಟಿನ ಕಣಿಕೆಯೊಡನೆ ಬೆರೆಸಬೇಕು. ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆಂದು ಮನೆಯವರೆಲ್ಲರಿಗೂ ಗೊತ್ತಿತ್ತು.

ಲಾರಿಗಳು ಹೆಚ್ಚಿದ ಮೇಲೆ ಆ ಹಸಿರು ಕೆಂಪಾಯಿತು. ಬದುವಿನ ಔಡಲದ ಎಲೆಗಳ ಮೇಲೆ ಕೂತ ಧೂಳಿನಲ್ಲಿ ನಾವು ಮಕ್ಕಳು ಬೆರಳಿನಿಂದ ಹೆಸರು ಬರೆದು ಆಡುತ್ತಿದ್ದೆವು. ಕುದುರೆ ಮಸಾಲೆಯ ಎಳೆ ಕುಡಿಗಳನ್ನು ಬೇಳೆಗೆ ಹಾಕುತ್ತಿದ್ದ ಅವ್ವ ಅದನ್ನು ನಿಲ್ಲಿಸಿದಳು. “ಬ್ಯಾಡವ್ವ, ಹೊಟ್ಟ್ಯಾಗ ಮಣ್ಣು ಹೋಗತೈತಿ,” ಎನ್ನುತ್ತಿದ್ದಳು. ಗಂಗಿಯೂ ಮೂಸಿ ಮುಖ ತಿರುಗಿಸತೊಡಗಿತು. ಹೀಗಾಗಿ ನಮ್ಮ ಕಡೆಯ ಹೆಂಗಸರು ಮೇವನ್ನೂ ಕಾಯಿಪಲ್ಯದಂತೆ ತೊಟ್ಟಿಯಲ್ಲಿ ತೊಳೆದು ಆರಹಾಕುವುದನ್ನು ರೂಢಿ ಮಾಡಿಕೊಂಡರು.

ಆ ದಿನ ಲಾರಿಗಳು ಬೆಳಗಿನಿಂದ ಸಾಲುಗಟ್ಟಿ ತೆವಳುತ್ತಿದ್ದವು. ಆರಹಾಕಿದ ಸೊಪ್ಪಿನ ಮೇಲೆ ಮತ್ತೆ ಕೆಂಪು ಕೂತಿತು. ಕಣಿಕೆಯ ಬಣವೆಯೂ ಕೆಂಪಾಗಿತ್ತು. ಗಂಗಿ ಅದಕ್ಕೆ ಬಾಯಿಯೇ ಹಾಕಲಿಲ್ಲ. ಅವ್ವ ಸೊಪ್ಪನ್ನು ಮತ್ತೆ ತೊಟ್ಟಿಗಿಳಿಸಿದಳು.

“ಎಮ್ಮಿ ಮೈ ತೊಳ್ಯೋರ್ನ ಕಂಡೀನಿ, ಹುಲ್ಲಿಗೆ ಎರಡೆರಡು ಸಲ ಜಳಕ ಮಾಡ್ಸೋಕಿನ್ನ ನಿನ್ನೇ ನೋಡಿದ್ದು,” ಎಂದಳು ಅಜ್ಜಿ. “ಮಧ್ಯಾಹ್ನಾತು, ಅದು ಉಪಾಸ ನಿಂತೈತಿ.”

“ಇರ್ರಿ ಅತ್ತಿ, ಈಗ ಹಾಕ್ತೀನಿ.”

ಅವ್ವ ನೀರು ತೊಟ್ಟಿಕ್ಕುತ್ತಿದ್ದ ಸೊಪ್ಪನ್ನು ಹಾಗೆಯೇ ಮುಂದಿಟ್ಟಳು. ಹಸಿದ ಎಮ್ಮೆ ಗಬಗಬ ತಿಂದಿತು.

ಸಂಜೆಗೆ ಮುನ್ನವೇ ಅದರ ಎಡಪಕ್ಕೆ ತಮಟೆಯಂತೆ ಬಿಗಿಯಿತು. ನಾಲಿಗೆ ಹೊರಚಾಚಿ, ಕಣ್ಣಗಲಿಸಿ ಅದು ನನ್ನನ್ನೇ ನೋಡುತ್ತಿತ್ತು. ಆ ನೋಟಕ್ಕೆ ಹೆದರಿ ನಾನು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದೆ. ಆದರೂ ಆ ಏದುಸಿರು ಕೇಳುತ್ತಲೇ ಇತ್ತು. ಅವ್ವ ಶೇಂಗಾ ಎಣ್ಣೆ ಕುಡಿಸಿದಳು. ಹೊಟ್ಟೆಯ ಗಾಳಿ ಹೊರಬರಲೆಂದು ಅಪ್ಪ ಗಂಗಿಯ ಬಾಯಿಗೆ ಅಡ್ಡ ಕೋಲು ಕಟ್ಟಿ, ದನದ ಡಾಕ್ಟರಿಗೆ ಫೋನಿನಲ್ಲಿ ಕೂಗುತ್ತಿದ್ದ.

“ಡಾಕ್ಟ್ರ, ಎಲ್ಲಿದ್ದೀರ್ರಿ? ಇನ್ನೂ ಲಾರಿ ಸಾಲಿನ್ಯಾಗ? ಜಲ್ದಿ ಬರ್ರಿ, ಉಸಿರು ನಿಲ್ಲಾಕತ್ತೈತಿ!”

“ಸಾಯ್ತೈತೇನವ್ವ?” ಎಂದೆ ನಾನು.

“ಸುಮ್ನಿರಬೇ!” ಅವ್ವ ಗಂಗಿಯ ಪಕ್ಕೆ ತಿಕ್ಕತೊಡಗಿದಳು.

ಗಂಗಿ ಮಂಡಿಯೂರಿತು. ಮತ್ತೆ ಏಳಲಿಲ್ಲ. ಡಾಕ್ಟರು ಬಂದಾಗ ಅವರ ಬಿಳಿ ಅಂಗಿಯೂ ಕೆಂಪಾಗಿತ್ತು.

ಹಸಿದ ಹೊಟ್ಟೆಗೆ ಹಸಿ ಮೇವು ಹಾಕಿದ್ದು ತಪ್ಪು, ನಾನದನ್ನು ಮರೆಮಾಚುವುದಿಲ್ಲ. ಆದರೆ ಸೊಪ್ಪು ಬಾಡಿಸುವ ನೆರಳನ್ನು, ಬೆರೆಸುವ ಕಣಿಕೆಯನ್ನು, ಕೊನೆಗೆ ಡಾಕ್ಟರು ಬರುವ ದಾರಿಯನ್ನೂ ನಮ್ಮಿಂದ ಕಸಿದವರು ಯಾರು? ಆ ಮಡಿ ಈಗ ಬೀಳು ಬಿದ್ದಿದೆ. ಆಗತಾನೆ ಕೊಯ್ದ ಕುದುರೆ ಮಸಾಲೆಯ ವಾಸನೆ ನನ್ನ ಮಗಳಿಗೆ ಗೊತ್ತಿಲ್ಲ. ಅವ್ವ ಇಂದಿಗೂ ಪಲ್ಯದ ಸೊಪ್ಪು ತೊಳೆಯುತ್ತ ಕೈ ನಿಲ್ಲಿಸುತ್ತಾಳೆ: “ನನ್ ಕೈಲೇ ಸತ್ತೋತು.”

ಗಣಿ ಮಾಲೀಕರೇ, ಸಾಗಣೆಗೆ ಪರವಾನಗಿ ಕೊಡುವ ಅಧಿಕಾರಿಗಳೇ, ಅದಿರಿನ ಮೇಲೆ ತಾಡಪತ್ರಿ ಹೊದಿಸಿ ಬಿಗಿಯದ, ಗಾಲಿ ತೊಳೆಯದ ಒಂದು ಲಾರಿಯೂ ಗಣಿಯ ಗೇಟು ದಾಟಕೂಡದು. ನಮ್ಮ ಹೆಂಗಸರು ಮೇವು ತೊಳೆಯುವುದು ನಿಲ್ಲಬೇಕಾದರೆ, ಮೊದಲು ನಿಮ್ಮ ಗಾಲಿಗಳನ್ನು ತೊಳೆಯಿರಿ.