ಬಸ್ರಾದಲ್ಲಿ ತೀರಿಕೊಂಡ ನನ್ನ ಹೆಸರು

ಬಾಗಲಕೋಟೆಯಲ್ಲಿ ಗಾಡಿ ಹತ್ತಿದಾಗ ಅಕ್ಟೋಬರ್ ತಿಂಗಳು. ಮರುದಿನ ವಾಡಿಯಲ್ಲಿ ಇಳಿದಾಗ ಆಜೂರ್. ಒಂದೇ ದಿನದ ದಾರಿ, ಅಷ್ಟರಲ್ಲಿ ತಿಂಗಳ ಹೆಸರು, ಇಸವಿ, ನಾಣ್ಯ, ಗೋಡೆಯ ಮೇಲಿನ ಅಕ್ಷರ ಎಲ್ಲವೂ ಬದಲಾಗಿದ್ದವು. ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದ್ದವು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರಲ್ಲಿ ಮಾಸ್ತರ ಎನಿಸಿಕೊಂಡವನು ಆ ಪ್ಲಾಟ್‌ಫಾರ್ಮಿನ ಮೇಲೆ ಓದಲು ಬಾರದವನಾಗಿ ನಿಂತೆ.

ನಮ್ಮ ಕಡೆಯವರು ನಿಜಾಮರ ಸೀಮೆಯನ್ನು ಮೊಗಲಾಯಿ ಎನ್ನುತ್ತೇವೆ. ಮೊಗಲಾಯಿಯ ಸುಂಕದವರಿಗೆ ಕರೋಡಗಿರಿಯವರೆಂದು ಹೆಸರು. ಅವರಲ್ಲೊಬ್ಬ ನನ್ನ ಟ್ರಂಕು ತೆರೆಸಿದ. ಎರಡು ಧೋತರ, ವಿಭೂತಿ ಗಟ್ಟಿ, ನಾಲ್ಕು ಪುಸ್ತಕ, ಎಲ್ಲಕ್ಕೂ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಂಚಿನ ಬಿಲ್ಲೆ. ಬಿಲ್ಲೆ ಅಂಗೈಗಿಂತ ದೊಡ್ಡದು, ಅದರ ಮೇಲೆ ಇಂಗ್ರೇಜಿ ಅಕ್ಷರ. ಯಾರ ಹೆಸರು ಎಂದು ಕೇಳಿದ. ಶಿವಲಿಂಗಪ್ಪ, ನನ್ನದೇ ಎಂದೆ. ಇನಾಮೇ ಎಂದು ಕೇಳಿದ. ತಲೆಯಾಡಿಸಿದೆ. ಅವನು ಅದನ್ನು ಮರ್ಯಾದೆಯಿಂದ ಮತ್ತೆ ಸುತ್ತಿ ಇಟ್ಟ.

ಹೊಸ ನೆಲದಲ್ಲಿ ನಾನು ಮಾಡಿದ ಮೊದಲ ಕೆಲಸವೇ ಸುಳ್ಳಿಗೆ ತಲೆಯಾಡಿಸಿದ್ದು. ಅಂಥ ಬಿಲ್ಲೆಯನ್ನು ಇಂಗ್ರೇಜಿ ಸರಕಾರ ಬದುಕಿದವರಿಗೆ ಕೊಡುವುದಿಲ್ಲ. ಯುದ್ಧದಲ್ಲಿ ಸತ್ತವರ ಮನೆಗೆ ಕಳಿಸುತ್ತದೆ.

ಅದರ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಮ್ಮೂರಲ್ಲಿ ಬಿಟ್ಟಿ ಚಾಕರಿ ಇತ್ತು. ಸಾಹೇಬರ ಸಾಮಾನು ಹೊರಲು, ದಾರಿ ಸಮ ಮಾಡಲು ಮನೆಗೊಬ್ಬ ಆಳು ಪಾಳಿಯ ಪ್ರಕಾರ ಹೋಗಬೇಕು. ಪಾಳಿ ಮನೆಯದು, ಆಳಿನದಲ್ಲ. ಪಟ್ಟಿಯಲ್ಲಿ ಅಪ್ಪನ ಹೆಸರಿದ್ದರೂ ಮಗ ಹೋಗಿ ಅಪ್ಪನ ಹೆಸರಿಗೆ 'ಜೀ' ಅಂದರೆ ಮುಗಿಯಿತು. ಮೊದಲ ದೊಡ್ಡ ಯುದ್ಧದ ಕಾಲಕ್ಕೆ ಗೌಡರು ಫೌಜಿಗೆ ಪಟ್ಟಿ ಮಾಡಿದಾಗ ನಮ್ಮ ಮನೆಯಿಂದ ನನ್ನ ಹೆಸರು ಬರೆದರು. ನನಗೆ ಹದಿನೆಂಟು ನಡೆದಿತ್ತು, ಪರೀಕ್ಷೆ ಎದುರಿಗಿತ್ತು. ಅಣ್ಣ ಚೆನ್ನಬಸಪ್ಪನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವನು ನೊಗ ಇಳಿಸಿ ಬಂದವನು ಕಾಲು ತೊಳೆಯುತ್ತ ಹೇಳಿದ್ದು ಇಷ್ಟೇ.

"ನೀ ಓದು. ಪಾಳಿ ನಾ ಮುಗಿಸಿ ಬರ್ತೇನಿ."

ಫೌಜನ್ನೂ ನಾವು ಬಿಟ್ಟಿ ಪಾಳಿಯೆಂದೇ ತಿಳಿದಿದ್ದೆವು. ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಯಾರಿಗೂ ಅದು ತಪ್ಪೆನಿಸಲಿಲ್ಲ, ಗೌಡರಿಗೂ ಅನಿಸಲಿಲ್ಲ. ಅಣ್ಣನಿಗೆ ಹೇಸರಗತ್ತೆಯ ಗಾಡಿ ಹೊಡೆಯುವ ಕೆಲಸ ಸಿಕ್ಕಿತು. ಸಮುದ್ರದಾಚೆಯ ಬಸ್ರಾದಿಂದ ಯಾರ ಕೈಯಲ್ಲೋ ಬರೆಸಿದ ಕಾಗದಗಳು ಬರುತ್ತಿದ್ದವು, ಕೊನೆಗೆ ನನ್ನ ಹೆಸರಿನ ಸಹಿ. ಆಮೇಲೆ ಕಾಗದ ನಿಂತು, ಶಿವಲಿಂಗಪ್ಪನೆಂಬ ಸಿಪಾಯಿ ಜ್ವರದಿಂದ ತೀರಿಕೊಂಡನೆಂದು ಸರಕಾರದಿಂದ ತಿಳಿವಳಿಕೆ ಬಂತು. ಓದಿ ಹೇಳಿದವನು ನಾನೇ. ಕೆಲವು ವರ್ಷದ ನಂತರ ಬಿಲ್ಲೆ ಬಂತು.

ಊರಿಗೆ ನಿಜ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ. ಹೆಸರು ಬದಲಿಸಿದ್ದಕ್ಕೆ ಶಿಕ್ಷೆಯಾದೀತೆಂದು ಹೆದರಿ ಅವ್ವ, ಅತ್ತಿಗೆ ನೀಲವ್ವನಿಗೆ ತಾಳಿ, ಕಾಲುಂಗುರ ತೆಗೆಯಗೊಡಲಿಲ್ಲ. ಚಾವಡಿಯಲ್ಲಿ ಕಾರಕೂನ ಬಂದು ಗಂಡನ ಹೆಸರು ಕೇಳಿದರೆ ಅತ್ತಿಗೆ ನಮ್ಮ ಹೆಣ್ಣುಮಕ್ಕಳ ರೂಢಿಯಂತೆ ಬಾಯಿ ಬಿಡದೆ ನನ್ನತ್ತ ನೋಡುತ್ತಿದ್ದಳು. 'ಚೆನ್ನಬಸಪ್ಪ' ಎಂದು ನಾನು ಹೇಳುತ್ತಿದ್ದೆ. ಕಾರಕೂನ ನಾನೇ ಅವನೆಂದು ಬರೆದುಕೊಂಡು ಹೋಗುತ್ತಿದ್ದ. ಅತ್ತಿಗೆ ತಲೆ ತಗ್ಗಿಸಿ ಮನೆಗೆ ನಡೆಯುತ್ತಿದ್ದಳು. ಎಂಟು ವರ್ಷ ಹೀಗೇ ನಡೆಯಿತು. ಅವ್ವನಿಗೆ ನನ್ನ ಹೆಸರು ಹಿಡಿದು ಕರೆಯುವುದೂ ಆಗದಾಯಿತು. ಅವಳೇ ಒಂದು ದಿನ ಬಿಲ್ಲೆಯನ್ನು ನನ್ನ ಕೈಗಿಟ್ಟು, ಎಲ್ಲಾದರೂ ಹೋಗಿ ನಿನ್ನ ಹೆಸರಿನಿಂದ ಬದುಕು ಅಂದಳು. ಹೀಗಾಗಿ ನಾನು ವಾಡಿಯಲ್ಲಿ ಇಳಿದೆ, ಅಲ್ಲಿಂದ ಸ್ವಲ್ಪ ದೂರದ ಸೇಡಂಗೆ ಹೋದೆ.

ಸೇಡಂನಲ್ಲಿ ಒಂದು ಮಠದ ಪಡಸಾಲೆಯಲ್ಲಿ ಕನ್ನಡ ಅಕ್ಷರ, ಲೆಕ್ಕ ಕಲಿಸುವ, ಸರಕಾರದ್ದಲ್ಲದ ಖಾನಗಿ ಶಾಲೆ ಸಿಕ್ಕಿತು. ಇರಲು ಸಿಕ್ಕ ಮನೆಯಲ್ಲಿ ನೆಲ ಫರಸಿ, ಗೋಡೆ ಫರಸಿ, ಮಾಳಿಗೆಯೂ ಫರಸಿ. ಫರಸಿ ಅಂದರೆ ಶಹಾಬಾದದ ಹಾಸುಗಲ್ಲು, ಇಲ್ಲಿ ನೆಲ ಅಗೆದರೆ ಸಿಗುತ್ತದೆ. ನಮ್ಮ ಮಣ್ಣಿನ ಮಾಳಿಗೆ ಬೇಸಿಗೆಯಲ್ಲಿ ತಂಪು, ಇದು ಹೊತ್ತು ಮುಳುಗಿದ ಮೇಲೂ ಕಾದ ಹಂಚು. ಮೊದಲ ಬೇಸಿಗೆ ಬೆನ್ನೆಲ್ಲ ಬೆವರುಸಾಲೆ. ಜೋಳದ ರೊಟ್ಟಿ ಎರಡೂ ಕಡೆ ಒಂದೇ ಎಂಬುದೊಂದು ಸಮಾಧಾನ. ಆದರೆ ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಲು ವರ್ಷ ಬೇಕಾಯಿತು. ಈಗ ಅದಿಲ್ಲದ ಊಟ ಸಪ್ಪೆ.

ಭಾಷೆಯೂ ಹಾಗೆಯೇ. ನಮ್ಮ 'ಐತಿ' ಇಲ್ಲಿ 'ಅದ', ನಮ್ಮ 'ಅದಾರ' ಇಲ್ಲಿ 'ಹರ'. ನನ್ನ ಮಾತಿಗೆ ಮಕ್ಕಳು ಬಾಯಿಗೆ ಅಂಗಿ ಅಡ್ಡ ಹಿಡಿದು ನಗುತ್ತಿದ್ದರು. ಚಿಂಚೋಳಿ ಕಡೆಯಿಂದ ಬಂದವರು ನಡುನಡುವೆ ತೆಲುಗು ಬೆರೆಸಿದರೆ ಆ ದಿನ ನಾನೇ ವಿದ್ಯಾರ್ಥಿ. ಕಚೇರಿಯದಂತೂ ಎಲ್ಲವೂ ಉರ್ದು. ಅದನ್ನು ಕಲಿಸಿದವರು ಖಾದರ್ ಸಾಹೇಬರು. ಕಚೇರಿಯ ಹೊರಗೆ ಬೇವಿನ ಬುಡದಲ್ಲಿ ಕುಳಿತು ಜನರ ಅರ್ಜಿ ಬರೆದುಕೊಡುವವರು. ಒಂದು ಸಂಜೆ ಅಂಗಡಿಯ ಹಲಗೆಯೊಂದನ್ನು ಯಾರ ನೆರವೂ ಇಲ್ಲದೆ ಓದಿದಾಗ ಅವರು ತಮ್ಮ ಪಾನದಾನ ತೆರೆದು ನನಗೊಂದು ಬೀಡಾ ಕೊಟ್ಟರು. ನನ್ನ ಎರಡನೆಯ ಮುಲ್ಕಿ ಪರೀಕ್ಷೆ ಅದೇ ಎಂದು ನಕ್ಕೆ.

ಆದರೆ ಇಲ್ಲಿ ಮುಲ್ಕಿ ಎಂದರೆ ಪರೀಕ್ಷೆಯಲ್ಲ. ಮುಲ್ಕಿ ಅಂದರೆ ಈ ಮುಲುಕಿನವನು, ಈ ನಾಡಿನವನು. ಹೊರಗಿನಿಂದ ಬಂದವನು ಗೈರ್ ಮುಲ್ಕಿ, ಅವನಿಗೂ ಅವನ ಮಕ್ಕಳಿಗೂ ಸರಕಾರಿ ನೌಕರಿಯಿಲ್ಲ. ಹದಿನೈದು ವರ್ಷ ಇಲ್ಲಿದ್ದು, ತಿರುಗಿ ಹೋಗುವ ಆಸೆ ಬಿಟ್ಟೆನೆಂದು ಪ್ರಮಾಣ ಮಾಡಿದರೆ ಮುಲ್ಕಿಯಾಗಬಹುದು. ಚಿತ್ತಾಪುರದ ಹೆಣ್ಣನ್ನು ಮದುವೆಯಾಗಿ ನನಗೆ ಎರಡು ಮಕ್ಕಳಾಗಿದ್ದವು. ಅವಕ್ಕೆ ಈ ನೆಲ ಬಿಟ್ಟರೆ ಬೇರೆ ನೆಲ ಗೊತ್ತಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಅರ್ಜಿಗೆ ಕುಳಿತೆ.

ಆಗ ಎರಡನೆಯ ದೊಡ್ಡ ಯುದ್ಧ ನಡೆದಿತ್ತು. ಖಾದರ್ ಸಾಹೇಬರು ಒಂದೊಂದೇ ಪ್ರಶ್ನೆ ಓದುತ್ತಿದ್ದರು, ನಾನು ಹೇಳುತ್ತಿದ್ದೆ. ತಂದೆಯ ಹೆಸರು, ಹುಟ್ಟಿದ ಊರು. ಆಮೇಲೆ ಇದು ಬಂತು: ಯಾವುದಾದರೂ ಸರಕಾರದ ಫೌಜಿನಲ್ಲಿ ನಿಮ್ಮ ಹೆಸರು ದಾಖಲಾಗಿದೆಯೇ, ಆಗಿದ್ದರೆ ಬಿಡುಗಡೆಯ ಕಾಗದವೆಲ್ಲಿ? ಅದರ ಕೆಳಗೆ ಇನ್ನೊಂದು: ಅವಶ್ಯ ಬಿದ್ದರೆ ಈ ಸರಕಾರದ ಫೌಜಿಗೆ ಚಾಕರಿ ಮಾಡುವಿರಾ?

ನಾನು ಫೌಜಿನ ಬಾಗಿಲು ಕಂಡವನಲ್ಲ. ಆದರೆ ಅವರು ಕೇಳಿದ್ದು ಹೆಸರನ್ನು. ಇಲ್ಲ ಎಂದು ಬರೆದರೆ ವಿಚಾರಣೆ ಬಾಗಲಕೋಟೆಗೆ ಹೋಗುತ್ತದೆ, ಆ ಮನುಷ್ಯ ಬಸ್ರಾದಲ್ಲಿ ಸತ್ತು ಇಪ್ಪತ್ತು ವರ್ಷದ ಮೇಲಾಯಿತು ಎಂದು ಉತ್ತರ ಬರುತ್ತದೆ. ಹೌದು ಎಂದರೆ ಸತ್ತವನು ಅರ್ಜಿ ಹೇಗೆ ಹಾಕಿದ ಎನ್ನುತ್ತಾರೆ. ಹದಿನೈದು ವರ್ಷ ಯಾರಿಗೂ ಹೇಳದ್ದನ್ನು ಆ ಬೇವಿನ ಕೆಳಗೆ ಹೇಳಿದೆ.

ಖಾದರ್ ಸಾಹೇಬರು ಲೇಖನಿ ಒರೆಸಿ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಮಾಸ್ತರ್ ಸಾಬ್, ಒಂದು ರಸ್ತಾ ಅದ," ಎಂದರು. "ನಿಮ್ಮ ಅಣ್ಣಾರ ಹೆಸರಿಲೆ ಅರ್ಜಿ ಹಾಕ್ರಿ. ಆ ಕಡಿ ಕಾಗದದಾಗ ಅವರು ಜಿಂದಾ ಹರ, ತೀರಿದವರು ನೀವು. ಚೆನ್ನಬಸಪ್ಪ ಅಂತ ಬರದ್ರ ಯಾರೂ ಏನೂ ಕೇಳಂಗಿಲ್ಲ."

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಲೆಕ್ಕ ಸರಿಯಾಗಿ ಕೂಡುತ್ತಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಅಣ್ಣನ ಸಾವು ನನ್ನ ಹೆಸರಿನ ಪಾಲಾಗಿತ್ತು, ಇನ್ನು ಕಾಗದದಲ್ಲಿ ಉಳಿದ ಅವನ ಬದುಕನ್ನೂ ನಾನೇ ತಿನ್ನಬೇಕಿತ್ತು. ನಿಜ ಬರೆದರೆ ಅರ್ಜಿ ಬೀಳಬಹುದು, ಮಕ್ಕಳು ಗೈರ್ ಆಗಿಯೇ ಉಳಿಯಬಹುದು. ಅದಕ್ಕಿಂತ ಹೆಚ್ಚಾಗಿ, ಊರಿಗೆ ಪೊಲೀಸರು ಬಂದರೆ ಮನೆಯಲ್ಲಿ ಉಳಿದವಳು ಅತ್ತಿಗೆ ಒಬ್ಬಳೇ. ಅವ್ವ ಆಗಲೇ ತೀರಿಕೊಂಡಿದ್ದಳು, ಗೌಡರೂ ಇರಲಿಲ್ಲ. ಅವಳನ್ನು ಕೇಳದೆ ಬರೆಯುವುದು ಸಲ್ಲದೆಂದು ಕಾಗದ ಹಾಕಿದೆ.

ಉತ್ತರದ ಬದಲು ಅವಳೇ ಬಂದಳು, ತನ್ನ ತಮ್ಮನನ್ನು ಜೊತೆಗೆ ಕರಕೊಂಡು. ಕೂದಲು ಬೆಳ್ಳಗಾಗಿತ್ತು. ಹಾಸುಗಲ್ಲಿನ ಮೇಲೆ ಕಾಲುಂಗುರದ ಸಪ್ಪಳ ಇನ್ನೂ ಇತ್ತು. ಹೆಂಡತಿ ಕೊಟ್ಟ ನೀರು ಕುಡಿದು, ಖಾದರ್ ಸಾಹೇಬರ ಉಪಾಯವನ್ನೂ ನಿಜದಲ್ಲಿರುವ ಅಪಾಯವನ್ನೂ ನನ್ನಿಂದ ಪೂರ್ತಿ ಕೇಳಿಸಿಕೊಂಡಳು.

"ತಮ್ಮಾ, ನಾ ಪೊಲೀಸರಿಗೆ ಅಂಜೂದಿಲ್ಲ," ಎಂದಳು. "ಅವರು ಸತ್ತಾರಂತ ಇಷ್ಟು ವರ್ಷ ಯಾರೂ ಒಂದು ಕಾಗದದಾಗ ಬರದಿಲ್ಲ. ಮಣ್ಣಿಗಿಟ್ಟಿಲ್ಲ, ನಾನೂ ಮನಸು ಬಿಚ್ಚಿ ಅತ್ತಿಲ್ಲ. ನಿನ್ನ ಊರಾಗರ ಬರಿ. ಎಲ್ಲೆರ ಒಂದು ಕಡೆ ಬರಿ."

ಅಂದೇ ಬರೆಸಿದೆ. ಫೌಜಿನಲ್ಲಿ ನನ್ನ ಹೆಸರು ದಾಖಲಾಗಿದೆ, ನಾನು ಹೋಗಿಲ್ಲ, ಆ ಹೆಸರಿನಿಂದ ಹೋಗಿ ಬಸ್ರಾದಲ್ಲಿ ಸತ್ತವನು ನನ್ನ ಅಣ್ಣ ಚೆನ್ನಬಸಪ್ಪ. ಖಾದರ್ ಸಾಹೇಬರು ಆ ಸಾಲಿನ ಅಕ್ಷರಗಳನ್ನು ಎಂದಿಲ್ಲದಷ್ಟು ನಿಧಾನವಾಗಿ ಬರೆದರು.

ಕಚೇರಿಯಲ್ಲಿ ಪ್ರಮಾಣದ ದಿನ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಹೇಳಲು ಅಪ್ಪಣೆ ಕೇಳಿದೆ, ಅಧಿಕಾರಿ ಕೊಟ್ಟರು. ಬಿಲ್ಲೆಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಅಣ್ಣನನ್ನು ಕಳಿಸಿ ಕೂತವರು ನೀವು, ಫೌಜಿನ ಚಾಕರಿಯ ಪ್ರಶ್ನೆಗೆ ಏನು ಹೇಳುತ್ತೀರಿ ಎಂದು ಕೇಳಿದರು. ಅದು ಚುಚ್ಚು ಮಾತಲ್ಲ, ಕೇಳಲೇಬೇಕಾದ ಮಾತು. ಇಪ್ಪತ್ತೈದು ವರ್ಷದಿಂದ ನಾನೇ ನನಗೆ ಕೇಳಿಕೊಂಡಿದ್ದೆ.

"ಪಾಳಿ ಬಂದ್ರ ನಾನೇ ಹೋಗ್ತೀನ್ರಿ," ಎಂದೆ. "ನನ್ನ ಹೆಸರಿನ್ಯಾಗ ಇನ್ನೊಬ್ಬರು ಹೋಗೂದು ಬ್ಯಾಡ."

ಅದನ್ನೇ ಬರೆಸಿಕೊಂಡರು. ವಿಚಾರಣೆಯ ಕಾಗದ ಬಾಗಲಕೋಟೆಗೆ ಹೋಯಿತು. ಅಲ್ಲಿಂದ ಬಂದ ಉತ್ತರ ಒಂದೇ ಸಾಲು: ಶಿವಲಿಂಗಪ್ಪ ಮೃತ. ನಾನು ಆಸೆ ಬಿಟ್ಟೆ. ಅಧಿಕಾರಿ ಬಿಡಲಿಲ್ಲ. ಮಠದವರನ್ನು, ನೆರೆಯವರನ್ನು, ನನ್ನ ಕೈಯಲ್ಲಿ ಅಕ್ಷರ ಕಲಿತವರನ್ನು ಕರೆದು ಕೇಳಿದರು. ಇವರು ಯಾರೆಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಟ್ಟರಂತೆ: ಶಿವಲಿಂಗಪ್ಪ ಮಾಸ್ತರ. ಹತ್ತು ತಿಂಗಳಾದ ಮೇಲೆ ಮುಲ್ಕಿ ಕಾಗದ ಕೈಗೆ ಬಂತು. ಮಕ್ಕಳನ್ನು ಮುಂದೆ ಕೂಡಿಸಿಕೊಂಡು ಅದನ್ನು ಬಲದಿಂದ ಎಡಕ್ಕೆ ಓದಿದೆ. ತಿರುಗಿ ಹೋಗುವ ಆಸೆ ಬಿಟ್ಟಿದ್ದೇನೆ ಎಂಬ ಸಾಲಿಗೆ ಬಂದಾಗ ಕಾಗದವನ್ನು ಹಿರಿಯ ಮಗಳ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳು ಓದಿದಳು.

ನನ್ನ ಹೇಳಿಕೆಯ ನಕಲು, ಮೊಹರಿನ ಸಹಿತ, ಅತ್ತಿಗೆಗಾಗಿ ಬೇಡಿ ಪಡೆದೆ. ಅವಳು ಮತ್ತೆ ಬಂದಳು. ಓದಲು ಬಾರದು, ಬಂದರೂ ಉರ್ದು. ಅವರ ಹೆಸರು ಎಲ್ಲೈತಿ ಎಂದು ಕೇಳಿದಳು. ಅವಳ ಬೆರಳು ಹಿಡಿದು ಅಲ್ಲಿಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೆಂಡತಿಯೊಡನೆ ಕಾಗಿಣಾ ಹೊಳೆಗೆ ಹೋಗಿ ಬಂದಳು. ಕಾಲಲ್ಲಿ ಉಂಗುರ ಇರಲಿಲ್ಲ, ಕಣ್ಣು ಕೆಂಪಾಗಿದ್ದವು. ಬಿಲ್ಲೆಯನ್ನು ಅವಳ ಮುಂದಿಟ್ಟು, ಇದೂ ನಿಮ್ಮದೇ ಎಂದೆ. ಅದರಾಗ ಅವರಿಲ್ಲ ಎಂದು ನನ್ನ ಕಡೆಗೇ ಸರಿಸಿದಳು.

ವಾಡಿಯವರೆಗೆ ಕಳಿಸಲು ಹೋದೆ. ಕರೋಡಗಿರಿಯವನು ಅವಳ ಗಂಟು ಬಿಚ್ಚಿಸಿದ. ಮೊಹರಿನ ಕಾಗದ ಕಂಡು ಇದು ಯಾರದು ಎಂದು ಕೇಳಿದ. ಚಾವಡಿಯ ರೂಢಿಯಂತೆ ಉತ್ತರಿಸಲು ನಾನು ಬಾಯಿ ತೆರೆದಿದ್ದೆ. ಅವಳು ಈ ಸಲ ನನ್ನತ್ತ ನೋಡಲಿಲ್ಲ.

"ನನ್ನ ಗಂಡಂದು," ಎಂದಳು. "ಚೆನ್ನಬಸಪ್ಪ. ಬಸ್ರಾದಾಗ ತೀರಿಹೋದ್ರು."

ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಗಂಟು ಕಟ್ಟಿಕೊಂಡು ಹೊಟಗಿಯ ಗಾಡಿ ಹತ್ತಿದಳು. ಆ ಗಾಡಿ ಹೋಗುವ ಕಡೆ ನನ್ನ ಅವ್ವನ ಮಣ್ಣಿದೆ, ಕೃಷ್ಣೆಯ ನೀರಿದೆ, ಅಲ್ಲಿಯ ದಫ್ತರಿನಲ್ಲಿ ನಾನು ಇಂದಿಗೂ ಸತ್ತವನು. ಗಾಡಿ ಕಣ್ಮರೆಯಾಗುವವರೆಗೆ ನಿಂತಿದ್ದು, ಸೇಡಂ ಗಾಡಿಯ ಹೊತ್ತಾಗಿದೆಯೇ ಎಂದು ಹಲಗೆ ಓದಲು ಹೋದೆ.